ಎಲ್ಡರ್ ಅಲ್ಲ, ಎಲ್ಡೆಸ್ಟ್

ಜೂನ್ ೧೨, ಗುರುವಾರ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯುವುದಾದರೆ ಬೈಯಿ. ಬರೆಯಲು ಕೂತಾಗಲೆಲ್ಲ ಕೈ ಬೇರೇನನ್ನೋ ಬರೆಯುತ್ತಿತ್ತು, ಹರಿದು ಹಾಕುತ್ತಿದ್ದೆ. ಇವತ್ತು ಹರಿಯುವುದಿಲ್ಲ.

ದೊಡ್ಡವಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವಳಿನ್ನೂ ಪೆಟ್ಟಿಗೆ ಕಟ್ಟಿಲ್ಲ, ಚಿಕ್ಕವಳು ಆಗಲೇ ಅವಳ ಮಂಚ ಆಕ್ರಮಿಸಿದ್ದಾಳೆ. ಮುಂದಿನ ಕೋಣೆಯಲ್ಲಿ ಇವರ ಇಂಗ್ಲಿಷ್ ಟ್ಯೂಷನ್ ಎಂದಿನಂತೆ ನಡೆದಿದೆ. ಹದಿನೆಂಟು ವರ್ಷ ಅಡುಗೆಮನೆಯಿಂದ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ: ಟಾಲ್, ಟಾಲರ್, ಟಾಲೆಸ್ಟ್. ಗುಡ್ ಮಾತ್ರ ಬೆಟರ್ ಅಂತ ವೇಷವನ್ನೇ ಬದಲಾಯಿಸಿಬಿಡುತ್ತದೆ. ಅಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

ವಿಷಯಕ್ಕೆ ಬರುತ್ತೇನೆ. ಹೋದ ವಾರ ಹಾಸ್ಟೆಲ್ ವಾರ್ಡನ್‌ಗೆ ಇವರು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು, ಅಂಚೆಗೆ ಹಾಕು ಅಂತ ಕೊಟ್ಟರು. ಅಂಟಿಸುವ ಮುಂಚೆ ಓದಿದೆ. ಓದಬಾರದಿತ್ತು ಅನ್ನಬೇಡ, ನೀನಾಗಿದ್ದರೂ ಓದುತ್ತಿದ್ದೆ. ನಮ್ಮ ದೊಡ್ಡವಳನ್ನು “ಎಲ್ಡೆಸ್ಟ್ ಡಾಟರ್” ಅಂತ ಬರೆದಿದ್ದಾರೆ ಅಕ್ಕ! ನಮ್ಮ ಮಾತಿನಲ್ಲಾದರೆ ದೊಡ್ಡ ಮಗಳು ಅಂದರೆ ಮುಗಿಯಿತು, ಇಬ್ಬರಿರಲಿ, ಹತ್ತು ಜನರಿರಲಿ. ಇಂಗ್ಲಿಷಿನಲ್ಲಿ ಹಾಗಲ್ಲ. ಇಬ್ಬರಲ್ಲಿ ದೊಡ್ಡವಳು ಎಲ್ಡರ್. ಎಲ್ಡೆಸ್ಟ್ ಆಗಬೇಕಾದರೆ ಕಡೇ ಪಕ್ಷ ಮೂವರಿರಬೇಕು. ಇದೊಂದು ತಪ್ಪಿಗೆ ಇವರು ಮಕ್ಕಳ ಕೈಲಿ ಐವತ್ತು ಸಲ ಬರೆಸುತ್ತಾರೆ. ನಮಗಿರುವುದು ಇಬ್ಬರು. ಹಾಗಾದರೆ ಮೂರನೆಯವಳು ಯಾರ ಮನೆಯಲ್ಲಿ ಬೆಳೆಯುತ್ತಿದ್ದಾಳೆ?

ಇವರ ನೋಟ್ಸ್ ಅಚ್ಚು ಹಾಕುವ ಪ್ರೆಸ್ಸಿನವರನ್ನು ಹುಷಾರಾಗಿ ವಿಚಾರಿಸಿದೆ. “ಮೇಷ್ಟ್ರು ತಪ್ಪು ಬರೆಯೋದಾ? ಪ್ರೂಫಲ್ಲಿ ಒಂದು ಕಾಮಾ ಬಿಟ್ರೂ ನಮ್ಮನ್ನ ಸುಮ್ನೆ ಬಿಡಲ್ಲ ಕಣಮ್ಮ” ಅಂತ ನಕ್ಕರು. ಹಾಗಾದರೆ ಇದು ಕೈತಪ್ಪಲ್ಲ. ಅವತ್ತಿನಿಂದ ಜೇಬು ತಡಕಿದೆ, ಅಂಗಿ ಮೂಸಿದೆ. ಸಿಕ್ಕಿದ್ದು ಸೀಮೆಸುಣ್ಣದ ಚೂರು. ಇಷ್ಟು ಚೊಕ್ಕಟವಾಗಿ ಯಾವ ಗಂಡಸು ಇರುತ್ತಾನೆ ಹೇಳು?

“ಯಾಕೆ ನನ್ನ ಹಾಗೆ ನೋಡ್ತೀಯ?” ಅಂದರು ನಿನ್ನೆ.

“ಏನಿಲ್ಲ” ಅಂದೆ.

ಭಾನುವಾರ ಕೇಳಿಯೇಬಿಡುತ್ತೇನೆ. ಇನ್ನೊಂದು ಸಂಸಾರ ಇದೆ ಅಂದರೆ ಚಿಕ್ಕವಳ ಕೈ ಹಿಡಿದು ನೆಟ್ಟಗೆ ನಿನ್ನ ಮನೆಗೆ ಬರುತ್ತೇನೆ. ನನಗೆ ಇನ್ಯಾರಿದ್ದಾರೆ?

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ವರ್ಷ ನಗುನಗುತ್ತಾ ಬಾಳಲಿ.

ಇತಿ ನಿನ್ನ
ತಂಗಿ

ತಾ.ಕ.: ಇವತ್ತು ಭಾನುವಾರ, ಈ ಕಾಗದವನ್ನು ಇನ್ನೂ ಅಂಚೆಗೆ ಹಾಕಿಲ್ಲ. ಕೇಳಿದೆ. ಇವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, “ಮಧ್ಯದವಳು ಕಣೇ. ಆಸ್ಪತ್ರೆಯಲ್ಲೇ ಹೋದವಳು. ಹೆಣ್ಣು ಮಗು. ನಾನು ಎತ್ಕೊಂಡಿದ್ದೆ. ಅವಳನ್ನ ಬಿಟ್ಟು ಎಣಿಸೋಕೆ ನಂಗೆ ಬರಲ್ಲ” ಅಂದರು. ಆರನೇ ತಿಂಗಳಿಗೇ ನೋವು ಬಂದ ಆ ದಿನ ನನ್ನ ಪಕ್ಕದಲ್ಲಿದ್ದವಳು ನೀನು. ಮಂಪರಿನಲ್ಲಿ ಕೇಳಿದಾಗ, “ಅದಿನ್ನೂ ಮಗುವೇ ಆಗಿರ್ಲಿಲ್ಲ, ನೋಡೋಕೆ ಏನೂ ಇಲ್ಲ” ಅಂದವಳೂ ನೀನೇ. ನಂಬಿದೆ. ಹದಿನಾಲ್ಕು ವರ್ಷ ಕೇಳಿದವರಿಗೆಲ್ಲ ನಮಗೆ ಇಬ್ಬರೇ ಅಂದೆ. ಅವಳಿಗೆ ಬಟ್ಟೆ ಸುತ್ತಿದ್ದು ನೀನಂತೆ. ನಿನ್ನ ಮೇಲೆ ಕೋಪ ಮಾಡಿಕೊಳ್ಳುವುದು ಆಮೇಲೆ. ಅವಳ ಮುಖ ಯಾರ ಹಾಗಿತ್ತು ಅಕ್ಕ? ಮೊದಲು ಅದನ್ನು ಬರೆ.