ನಾಲ್ಕನೇ ಮಂಚದ ಕೇಸ್

ಜೂನ್ 11

ಅಂಗಿಗೆ ಎರಡು ಸಲ ಇಸ್ತ್ರಿ. ಅಪ್ಪನಿಗೆ ಸಮಾಧಾನವಿಲ್ಲ, ಕಾಲರ್ ಇನ್ನೊಮ್ಮೆ ಒತ್ತಿದ. ಮುದುಡುತ್ತದೆಂದು ಬಸ್ಸಿನಲ್ಲಿ ನಿಂತೇ ಹೋದೆ. ಮೆಡಿಕಲ್ ಕಾಲೇಜಿನ ಇಂಟರ್‌ವ್ಯೂ. ಮೇಜಿನಾಚೆ ಮೂವರು, ಯಾರೂ ಮುಟ್ಟದ ಕಾಫಿ. ಡಾಕ್ಟರ್ ಯಾಕಾಗಬೇಕು ಅಂತ ಕೇಳಿದರು. ಸೇವೆ ಅಂತ ಹೇಳು ಎಂದು ಅಪ್ಪ ಗಿಳಿಪಾಠ ಮಾಡಿಸಿದ್ದ. ಬಾಯಿಗೆ ಬಂದದ್ದೇ ಬೇರೆ. ನಮ್ಮಮ್ಮ ನಿಮ್ಮ ಪರೀಕ್ಷೆಗಳಿಗೆ ಕೇಸ್ ಆಗಿ ಬರುತ್ತಾಳೆ, ಚಿಕ್ಕವಳಿದ್ದಾಗ ಹೊರಗೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದೆ, ಒಳಗೆ ಅವಳನ್ನು ಏನು ಮಾಡುತ್ತಾರೆ ನೋಡಬೇಕು ಅನ್ನಿಸುತ್ತಿತ್ತು ಅಂದೆ. ಇಬ್ಬರು ನಕ್ಕರು. ಮೂರನೆಯವರು ಯಾವ ಕೇಸ್ ಎಂದರು. ಹೃದಯದ ಕವಾಟ ಅಂದೆ. ಹಳೇ ಗೆಳತಿಯ ಸುದ್ದಿ ಕೇಳಿದವರ ಹಾಗೆ ಅವರ ಮುಖ ಅರಳಿತು. "ಓ, ಆ ಮರ್ಮರ್‌ನಾ?" ಎದೆಯ ಸದ್ದಿನಿಂದಲೇ ಅಮ್ಮನ ಗುರುತು.

ಸೇವೆ ಅಂದೆ ಅಂತ ಅಪ್ಪನಿಗೆ ಹೇಳಿದ್ದೇನೆ. ಪಾಪ, ಮಲಗಲಿ.

ಜುಲೈ 30

ಸೀಟು ಸಿಕ್ಕಿತು. ಅಮ್ಮ ಅತ್ತಳು. ನನಗೆ ಹಸಿವು.

ಅಕ್ಟೋಬರ್ 8

ಮೊದಲ ಹೆಣ. ಊಟ ಸೇರಲಿಲ್ಲ. ಕೈ ಎಷ್ಟು ತೊಳೆದರೂ ಅದೇ ವಾಸನೆ...

ಜನವರಿ 23 — ಫೈನಲ್ ಇಯರ್

ಯಾವ ಕಾಲವಾಯಿತೋ ಇದರಲ್ಲಿ ಬರೆದು. ಹಳೇ ಪುಟ ಓದಿದೆ. ಹೆಣ ನೋಡಿ ಊಟ ಬಿಟ್ಟವಳು ನಾನೇನಾ? ಇವತ್ತು ವಾರ್ಡಿನಲ್ಲಿ ಒಬ್ಬರು ಹೋದರು, ಕೈ ತೊಳೆದು ಕ್ಯಾಂಟೀನಿಗೆ ಹೋದೆ. ನೀನು ಕಲ್ಲು ಕಣೇ ಅಂದಳು ರೂಮ್‌ಮೇಟ್. ಇರಬಹುದು. ಕಲ್ಲಿಗೆ ನಿದ್ದೆಯಾದರೂ ಚೆನ್ನಾಗಿ ಬರುತ್ತದೆ.

ಫೆಬ್ರವರಿ 16, ಭಾನುವಾರ

ಹಾಸ್ಟೆಲಿನಿಂದ ಮನೆಗೆ. ಅಮ್ಮ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತೇ ತರಕಾರಿ ಹೆಚ್ಚುತ್ತಾಳೆ. ಮೊದಲು ನಿಂತು ಹೆಚ್ಚುತ್ತಿದ್ದಳು. ಆಪರೇಷನ್ ಮಾಡಿಸಿಕೊಳ್ಳಿ ಅಂತ ಡಾಕ್ಟರು ಹೇಳಿ ಹೇಳಿ ಸುಸ್ತಾಗಿದ್ದಾರೆ. ಇವಳದ್ದು ಒಂದೇ ಮಾತು, ಮಗಳ ಪರೀಕ್ಷೆ ಮುಗೀಲಿ.

ಸಣ್ಣವಳಿದ್ದಾಗ ಬಂದ ಜ್ವರ ಅವಳ ಕವಾಟವನ್ನು ಕೆಡಿಸಿದೆ. ಅದು ವರ್ಷ ವರ್ಷ ಕಿರಿದಾಗುತ್ತಿದೆ. ಸ್ಟೆತ್ ಇಟ್ಟರೆ ದೂರದಲ್ಲಿ ಗಾಡಿ ಉರುಳಿದ ಸದ್ದು. ಅಷ್ಟು ಸ್ಪಷ್ಟವಾದ ಸದ್ದು ಪರೀಕ್ಷೆಗೆ ಸಿಗುವುದೇ ಅಪರೂಪವಂತೆ, ಅದಕ್ಕೇ ಪ್ರತಿ ಸಲ ಕರೆ ಬರುತ್ತದೆ. ಒಳ್ಳೇ ಬಟ್ಟೆ ಉಟ್ಟು, ತಲೆ ಬಾಚಿ, ಮದುವೆಮನೆಗೆ ಹೊರಟವಳ ಹಾಗೆ ಹೋಗುತ್ತಾಳೆ. ನನ್ನಿಂದ ಅರ್ಧ ಊರಿನ ಡಾಕ್ಟರು ಪಾಸಾಗಿದ್ದಾರೆ ಅಂತ ಜಂಬ ಬೇರೆ.

ಹೊಸ ಸ್ಕ್ಯಾನ್ ರಿಪೋರ್ಟ್ ಕಪಾಟಿನಲ್ಲಿತ್ತು. ನೋಡಿದೆ. ಶ್ವಾಸಕೋಶದ ಕಡೆ ಒತ್ತಡ ತುಂಬ ಏರಿದೆ. ಹೀಗಾದಾಗ ಏನಾಗುತ್ತದೆ ಅನ್ನುವುದು ಬಾಯಿಪಾಠ ಬರುತ್ತದೆ. ಏನು ಬರೆದಿದ್ದಾರೆ ಅಂತ ಅಮ್ಮ ಕೇಳಿದಳು. ಮಾಮೂಲಿ ಅಂದೆ. ಮಡಚಿ ಇಟ್ಟೆ. ಏನೂ ಅನ್ನಿಸಲಿಲ್ಲ. ಸಂಜೆ ಕಿಡ್ನಿ ಓದಿದೆ.

ಮಾರ್ಚ್ 14

ಪ್ರಾಕ್ಟಿಕಲ್. ಚೀಟಿ ಎತ್ತಿದೆ. ನಾಲ್ಕನೇ ಮಂಚ. ಪರದೆ ಸರಿಸಿದರೆ — ಅಮ್ಮ.

ನಿಯಮ ಗೊತ್ತು. ಸಂಬಂಧಿಕರಾದರೆ ಹೇಳಬೇಕು, ಬೇರೆ ಚೀಟಿ ಕೊಡುತ್ತಾರೆ. ಬೇರೆ ಚೀಟಿಯಲ್ಲಿ ಯಾವ ಭೂತ ಕೂತಿದೆಯೋ. ಈ ಸದ್ದು ಕಿವುಡರಿಗೂ ಕೇಳಿಸುತ್ತದೆ. ಅಮ್ಮ ನನ್ನ ಮುಖ ನೋಡಿದಳು, ಆಮೇಲೆ ಫ್ಯಾನ್ ನೋಡಿದಳು. ಅಟೆಂಡರ್ ಇಬ್ಬರನ್ನೂ ಬಲ್ಲವನು, ಅವನು ಗೋಡೆ ನೋಡಿದ. ನಾನು ಚೀಟಿ ಜೇಬಿಗೆ ಹಾಕಿಕೊಂಡೆ.

ಕ್ರಮವಾಗಿ ಕೇಳಲೇಬೇಕಲ್ಲ. ಹೆಸರು ಕೇಳಿದೆ. ವಯಸ್ಸು ಕೇಳಿದೆ. ಮಕ್ಕಳೆಷ್ಟು ಅಂತ ಕೇಳಿದೆ. ಒಬ್ಬಳೇ ಮಗಳು, ಓದ್ತಿದ್ದಾಳೆ ಅಂದಳು. ನಗು ಬರಬೇಕಿತ್ತು.

ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದಾ ಅಂದೆ. ಮನೆಯಲ್ಲಿ ಈ ಪ್ರಶ್ನೆಗೆ ಯಾವತ್ತೂ ಇಲ್ಲ ಅನ್ನುವವಳು. ಇವತ್ತು ಫ್ಯಾನ್ ನೋಡುತ್ತಲೇ ಮೆಲ್ಲಗೆ ಹೇಳಿದಳು.

"ಮಲಗೋದೇ ಇಲ್ಲ ಡಾಕ್ಟ್ರೇ. ಗೋಡೆಗೆ ಒರಗಿ ಕೂತೇ ಬೆಳಗು ಮಾಡ್ತೀನಿ. ಕೆಮ್ಮಿದ್ರೆ ರಕ್ತ ಬರತ್ತೆ. ಮನೇಲಿ ಯಾರಿಗೂ ಹೇಳಿಲ್ಲ."

ಬರೆದುಕೊಂಡೆ. ಅಕ್ಷರ ದುಂಡಗೆ ಬಂದಿದೆ. ಅಷ್ಟು ದುಂಡಗೆ ಹೇಗೆ ಬಂತೋ.

ಎಕ್ಸಾಮಿನರ್ ಬಂದರು, ಹೊರಗಿನವರು. ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸಿದೆ. ತಲೆಯಾಡಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಈಗ ಇದನ್ನೆಲ್ಲ ಪೇಷಂಟಿಗೆ ಅರ್ಥವಾಗುವ ಹಾಗೆ ಹೇಳಿ, ಅದಕ್ಕೂ ಮಾರ್ಕ್ಸ್ ಇದೆ ಅಂದರು.

ಅಮ್ಮನ ಕಡೆ ತಿರುಗಿದೆ.

"ನೋಡಿಮ್ಮ, ನಿಮ್ಮ ಕವಾಟ ತುಂಬ ಕಿರಿದಾಗಿದೆ. ಆಪರೇಷನ್ ಇನ್ನು ಮುಂದಕ್ಕೆ ಹಾಕೋ ಹಾಗಿಲ್ಲ. ಈಗ್ಲೇ ತಡ ಆಗಿದೆ. ಆಪರೇಷನ್‌ನಲ್ಲೂ ಅಪಾಯ ಇದೆ. ಬಿಟ್ರೆ... ಬಿಟ್ರೆ ಜಾಸ್ತಿ ದಿನ ಇಲ್ಲ."

"ಆಯ್ತು ಡಾಕ್ಟ್ರೇ," ಅಂದಳು. ಸೆರಗು ಸರಿಮಾಡಿಕೊಂಡಳು.

ಗುಡ್ ಅಂದರು ಎಕ್ಸಾಮಿನರ್. ಮುಂದಿನ ಮಂಚಕ್ಕೆ ಹೋದರು.

ಅದೇ ದಿನ, ಸಂಜೆ

ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಬಂದೆವು. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕೇಳಿದಳು.

"ಅಲ್ಲಿ ಹೇಳಿದ್ದನ್ನ ಮನೇಲಿ ಯಾಕೆ ಹೇಳ್ಲಿಲ್ಲ?"

"ನೀನು ಹೇಳಿದ್ಯಾ?" ಅಂದೆ.

"ನಿನ್ನ ಪರೀಕ್ಷೆ ಇತ್ತಲ್ಲೇ."

ನನಗೂ ಅದೇ ಇತ್ತು. ಹೇಳಿದ್ದರೆ ಆಪರೇಷನ್, ಆಸ್ಪತ್ರೆ, ಓಡಾಟ, ಒಂದು ವರ್ಷ ಹೋಗುತ್ತಿತ್ತು. ಲೆಕ್ಕ ಹಾಕಿಯೇ ರಿಪೋರ್ಟ್ ಮಡಚಿಟ್ಟಿದ್ದೆ. ಇದನ್ನೂ ಹೇಳಿದೆ ಅವಳಿಗೆ. ಬೈಯಲಿ ಅನ್ನಿಸಿತ್ತು, ಕಪಾಳಕ್ಕೆ ಒಂದು ಕೊಟ್ಟರೂ ಆಗುತ್ತಿತ್ತು. "ನನಗೂ ಗೊತ್ತಿತ್ತು ಕಣೇ, ಅದಕ್ಕೇ ಇನ್ನೊಂದ್ಸಲ ಕೇಳ್ಲಿಲ್ಲ," ಅಂದು ಅಮ್ಮ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು.

ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ ಮುಗಿಸಿ ಬಂದ. ಪರೀಕ್ಷೆ ಹೇಗಾಯ್ತು ಅಂತ ಕೇಳಿದ. ಚೆನ್ನಾಗಿ ಹೇಳಿದ್ಲು ಅಂತ ಅಮ್ಮನೇ ಉತ್ತರ ಕೊಟ್ಟಳು. ನಿಂಗೆ ಹೇಗೆ ಗೊತ್ತು ಅಂದ. ಊಟಕ್ಕೆ ಏಳಿ ಅಂದಳು.

ಏಪ್ರಿಲ್ 2

ಪಾಸ್. ಅಮ್ಮ ಅಡ್ಮಿಟ್. ಎರಡೂ ಇದೇ ವಾರ.

ನಾಳೆ ಆಪರೇಷನ್ನಾದರೆ ಸದ್ದು ಹೋಗುತ್ತದೆಂದು ಜೂನಿಯರ್‌ಗಳು ಸಾಲುಗಟ್ಟಿ ಬಂದರು. ಸುಸ್ತಾಗಿದ್ದರೂ ಬನ್ನಿ ಬನ್ನಿ ಅಂತಾಳೆ. ಸ್ಟೆತ್ ಎಲ್ಲಿಡಬೇಕು ಅಂತ ತಾನೇ ಬೆರಳಿಟ್ಟು ತೋರಿಸುತ್ತಾಳೆ. ನಾನೇ ಅವರನ್ನೆಲ್ಲ ಓಡಿಸಿದೆ.

ಸರ್ಜನ್ ಹೊರಗೆ ಕರೆದು ಹೇಳಿದರು. ಹೋದ ವರ್ಷವೇ ಬಂದಿದ್ದರೆ ಸುಲಭವಿತ್ತಂತೆ. ರೌಂಡ್ಸ್‌ನಲ್ಲಿ ತಲೆಯಾಡಿಸುವ ಹಾಗೆ ಆಡಿಸಿದೆ. ಎಸ್ ಸರ್ ಅಂದೆ.

ದೀಪ ಆರಿಸುವ ಮುಂಚೆ ಅಮ್ಮ ಕೈ ಚಾಚಿದಳು. "ಹೆದರಿಕೆ ಆಗ್ತಿದೆ ಪುಟ್ಟಿ." ಹಿಡಿದುಕೊಂಡೆ. ನೋಡಿದರೆ ನನ್ನ ಬೆರಳು ಅವಳ ನಾಡಿ ಹುಡುಕುತ್ತಿದೆ. ತೆಗೆದು, ಸರಿಯಾಗಿ ಹಿಡಿದುಕೊಂಡೆ. ಅಂಗೈ ಒರಟು. ಎಷ್ಟು ವರ್ಷವಾಗಿತ್ತೋ ಹಾಗೆ ಹಿಡಿದು.

ಏಪ್ರಿಲ್ 3, ಮಧ್ಯಾಹ್ನ

ಥಿಯೇಟರ್ ಹೊರಗೆ. ಬೆಳಿಗ್ಗೆ ಒಳಗೆ ಹೋದಳು. ಹೋಗುವಾಗ ಅಲ್ಲಿದ್ದ ಇಂಟರ್ನ್‌ಗೆ, ಇವಳು ನನ್ನ ಮಗಳು, ಡಾಕ್ಟರು ಅಂದಳು. ಮಗಳು ಅಂದದ್ದು ಈ ಆಸ್ಪತ್ರೆಯಲ್ಲಿ ಮೊದಲ ಸಲ.

ಊಟದ ಹೊತ್ತಿಗೇ ಮುಗಿಯಬೇಕಿತ್ತು. ಅಪ್ಪ ಕೂರಲಾರ, ನಿಲ್ಲಲಾರ. ಟೀ ತರಲು ಕಳಿಸಿದ್ದೇನೆ.

ಮೂರೂವರೆ

ಒಳಗಿಂದ ಒಬ್ಬ ನರ್ಸ್ ಓಡಿದಳು. ರಕ್ತದ ಬಾಟಲಿ ತಂದಳು. ಇನ್ನೊಬ್ಬಳು ಓಡಿದಳು. ಮತ್ತೆ ಯಾರೂ ಓಡುತ್ತಿಲ್ಲ.

ಅಮ್ಮ ಬೇಕು ನನಗೆ. ಡಿಗ್ರಿ ಯಾರಾದರೂ ತೆಗೆದುಕೊಳ್ಳಲಿ.

ನಾಲ್ಕು ದಾಟಿದೆ

ಅಪ್ಪ ಮತ್ತೆ ಟೀಗೆಂದು ಕೆಳಗೆ ಹೋಗಿದ್ದಾನೆ. ಸರ್ಜನ್ ಬಂದರು. ಮಾಸ್ಕ್ ತೆಗೆದಿದ್ದಾರೆ. ಕಾರಿಡಾರಿನ ಆ ತುದಿಯಲ್ಲಿ ನಿಂತು ನರ್ಸ್‌ಗೆ ಏನೋ ಹೇಳಿದರು. ಅವಳು ಎರಡು ಕುರ್ಚಿ ತಂದು ಎದುರುಬದುರು ಹಾಕುತ್ತಿದ್ದಾಳೆ. ಒಂದು ಲೋಟ ನೀರು.

ನಮಗೆ ಕಲಿಸಿದ ಕ್ರಮವೇ ಅದು. ಒಳ್ಳೇ ಸುದ್ದಿಯಾದರೆ ನಿಂತಲ್ಲೇ ಹೇಳಬಹುದು. ಕೆಟ್ಟದ್ದಾದರೆ ಮೊದಲು ಕೂರಿಸಬೇಕು. ಮನೆಯವರು ಏನಾದರೂ ಮಾಡುತ್ತಿದ್ದರೆ ಅದು ಮುಗಿಯುವವರೆಗೆ ಕಾಯಬೇಕು, ಅವಸರ ಮಾಡಬಾರದು.

ನನ್ನ ಕಡೆ ಬರುತ್ತಿದ್ದಾರೆ. ನಿಂತರು. ನಾನು ಬರೆಯುತ್ತಿರುವುದನ್ನು ನೋಡಿದರು. ಕಾಯುತ್ತಿದ್ದಾರೆ. ನಾನು ತಲೆಯೆತ್ತಿಲ್ಲ. ಬರೆಯುತ್ತಿರುವವರೆಗೂ ಕಾಯುತ್ತಾರೆ. ಬರೆಯುತ್ತಿದ್ದೇನೆ ಸರ್, ಇನ್ನೂ ಮುಗಿದಿಲ್ಲ, ಇನ್ನೊಂದು ಸಾಲಿದೆ, ಇನ್ನೂ