ಗಂಡನಿಗೆ ಹೇಳಿ ಕಳಿಸಿ

ಸ್ಕಾರ್‌ವೋಗ್, ಉತ್ತರ ನಾರ್ವೆ
ಮಾರ್ಚ್ 9

ಪ್ರೀತಿಯ ಸ್ಟೈನಾರ್,

ನೀನು ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಕ್ಷಮಿಸು. ಈ ಸಲ ಕೆಲಸದ ನೆಪ ಹೇಳುವುದಿಲ್ಲ. ಅದನ್ನು ಕೇಳಿ ಕೇಳಿ ಬೇಸತ್ತೇ ಅಲ್ಲವೇ ನೀನು ಟ್ರಾಂಡ್‌ಹೈಮ್‌ನಲ್ಲಿ ಅಕ್ಕನ ಮನೆ ಸೇರಿದ್ದು. "ಊರಿಗೆಲ್ಲ ನೀನು ಡಾಕ್ಟ್ರು, ನನಗೆ ಮಾತ್ರ ನಿನ್ನ ಸರದಿ ಚೀಟಿ ಸಿಗಲ್ಲ" ಎಂದು ಹೊರಡುವಾಗ ಅಂದೆಯಲ್ಲ, ಅದು ನೆನಪಾದರೆ ನಗು ಬರುತ್ತದೆ, ಆಮೇಲೆ ಅಳು.

ನಿನ್ನ ಪ್ರಶ್ನೆ ಒಂದೇ ಆಗಿತ್ತು. ಆರೋಗ್ಯ ಕೇಂದ್ರ ಇರಲಿ, ತುರ್ತು ಸರದಿಯೂ ಇರಲಿ, ಗುರುವಾರದ ವೃದ್ಧಾಶ್ರಮವನ್ನಾದರೂ ಬಿಡುತ್ತೀಯಾ? ಹೊಸ ಡಾಕ್ಟರ ತಲೆಗೆ ಪುರಸಭೆ ಕಟ್ಟಿದ ಕೆಲಸ ಅದು, ನಾನೇನು ಮಾಡಲಿ ಎನ್ನುತ್ತಿದ್ದೆ. ಅದು ಅರ್ಧ ನಿಜ. ಉಳಿದರ್ಧ ರೋಗಿಗಳ ವಿಷಯ, ಮನೆಗೆ ತರುವಂತಿರಲಿಲ್ಲ. ಈಗ ಅಲ್ಲಿದ್ದ ರೋಗಿ ಓಸ್ಲೌಗ್ ಅವರೇ ಅನುಮತಿ ಕೊಟ್ಟು ಹೋಗಿದ್ದಾರೆ. "ನಾನು ಹೋದ್ಮೇಲೆ ನಿನ್ನ ಗಂಡನಿಗೆ ಎಲ್ಲಾ ಹೇಳ್ಬಿಡು. ಡಾಕ್ಟ್ರ ಹೆಂಡ್ತಿ ಪಾಡು ನಂಗೊತ್ತು, ಡಾಕ್ಟ್ರ ಗಂಡನ ಪಾಡೂ ಅಷ್ಟೇ ಇರುತ್ತೆ" ಎಂದಿದ್ದರು.

ಅವರ ಗಂಡ ಹಾಲ್ವರ್, ನನಗಿಂತ ಮುಂಚೆ ಈ ಊರನ್ನೆಲ್ಲ ನೋಡಿಕೊಂಡ ಡಾಕ್ಟರು. ಶಾಲೆ, ಬಂದರು, ಜೈಲು, ಹೆರಿಗೆ, ಎಲ್ಲಕ್ಕೂ ಅವರೇ. ಈಗ ಅದೇ ವೃದ್ಧಾಶ್ರಮದಲ್ಲಿದ್ದಾರೆ. ಮರೆವು ಎಲ್ಲವನ್ನೂ ತಿಂದಿದೆ, ಡಾಕ್ಟರಿಕೆಯೊಂದನ್ನು ಬಿಟ್ಟು. ನನ್ನ ಮೊದಲ ಗುರುವಾರವೇ ಸ್ಟೆತಸ್ಕೋಪ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ತಡವಾಯ್ತಲ್ಲ. ನಡಿ, ಶುರು ಮಾಡೋಣ" ಎಂದರು. ನರ್ಸ್ ಟುರಿಡ್ ಹುಬ್ಬೇರಿಸಿದಳು. ನಾನು ನಡೆದೆ. ಅಂದಿನಿಂದ ಪ್ರತಿ ಗುರುವಾರ ನಾವಿಬ್ಬರೂ ಜೊತೆಯಾಗಿಯೇ ರೋಗಿಗಳನ್ನು ನೋಡಿದೆವು.

ಕಾರಿಡಾರಿನ ಕೊನೆಯ ಕೋಣೆ ಓಸ್ಲೌಗ್ ಅವರದು. ಮೈ ಸೋತಿತ್ತು, ಬುದ್ಧಿ ಚುರುಕಾಗಿತ್ತು. ಹೆಂಡತಿಯೆಂದು ಹಾಲ್ವರ್ ಅವರಿಗೆ ಗುರುತಿಲ್ಲ. ರೋಗಿಯೆಂದು ಕೈಹಿಡಿದು ನಾಡಿ ನೋಡುತ್ತಿದ್ದರು. ಟುರಿಡ್ ಒಮ್ಮೆ ನಿಜ ಹೇಳಲು ಹೋದಾಗ ಓಸ್ಲೌಗ್ ಗದರಿದರು. "ಸುಮ್ನಿರೇ. ಮನೆಯವರಿಗೆ ತಾನು ಔಷಧಿ ಕೊಡಬಾರದು ಅನ್ನೋ ಕಟ್ಟಳೆ ಈ ಮನುಷ್ಯಂದು. ಜ್ವರ ಬಂದ್ರೂ ಪಕ್ಕದೂರಿನ ಡಾಕ್ಟ್ರ ಹತ್ರ ಕಳಿಸ್ತಿದ್ರು. ಈಗ ವಾರ ವಾರ ನನ್ನ ಕೈ ಹಿಡೀತಾರೆ. ನೀನೇನು ಅದನ್ನ ತಪ್ಪಿಸೋದು?" ಆಮೇಲೆ ನನ್ನ ಕಡೆ ತಿರುಗಿ, "ನಾನಿರೋವರೆಗೂ ಗುರುವಾರ ಬಿಡಬೇಡ ಕಣೇ" ಎಂದರು. ಹೂಂ ಎಂದುಬಿಟ್ಟೆ. ನಿನಗೆ ಉತ್ತರ ಕೊಡಲಾಗದೆ ಒದ್ದಾಡಿದ್ದು ಇದಕ್ಕೇ.

ಕಳೆದ ಗುರುವಾರ ಓಸ್ಲೌಗ್ ಎದೆಯ ಮೇಲೆ ಇಟ್ಟ ಸ್ಟೆತಸ್ಕೋಪನ್ನು ಹಾಲ್ವರ್ ಬಹಳ ಹೊತ್ತು ತೆಗೆಯಲಿಲ್ಲ. ನನ್ನನ್ನು ಹೊರಗೆ ಕರೆದು ಹೇಳಿದರು: "ಈಯಮ್ಮನ ಹೃದಯ ಸೋತಿದೆ. ಇವತ್ತು ದಾಟೋದು ಕಷ್ಟ. ಗಂಡನಿಗೆ ಹೇಳಿ ಕಳಿಸಿ." ಸರಿಯಾಗಿಯೇ ಹೇಳಿದ್ದರು. "ಅವನು ಬರೋ ತನಕ ನಾನು ಕೂತಿರ್ತೀನಿ. ಒಬ್ರನ್ನೇ ಬಿಡಬಾರದು" ಎಂದು ಒಳಗೆ ಹೋಗಿ ಕುರ್ಚಿ ಎಳೆದುಕೊಂಡರು.

ಮಧ್ಯಾಹ್ನದವರೆಗೂ ಕೈ ಬಿಡದೆ ಕೂತಿದ್ದರು. ಓಸ್ಲೌಗ್ ಗಂಡನ ಮುಖವನ್ನೇ ನೋಡುತ್ತಾ ಪ್ರಾಣ ಬಿಟ್ಟರು. ಟುರಿಡ್ ಕಿಟಕಿ ತೆರೆದು ಮೇಣದಬತ್ತಿ ಹಚ್ಚಿದಳು, ಹೊರಗೆ ಬಾವುಟವನ್ನು ಅರ್ಧಕ್ಕೆ ಇಳಿಸಿದರು. ಹಾಲ್ವರ್ ಎದ್ದು ನಿಂತು ನನ್ನನ್ನು ಕೇಳಿದರು.

"ಗಂಡ ಬಂದನಾ?"

"ಬಂದಿದ್ರು ಡಾಕ್ಟ್ರೇ. ಕೊನೇವರೆಗೂ ಕೈ ಹಿಡ್ಕೊಂಡು ಕೂತಿದ್ರು."

"ಸದ್ಯ, ಒಳ್ಳೇದಾಯ್ತು" ಎಂದು ಪಕ್ಕದ ಕೋಣೆಗೆ ನಡೆದರು. ನಾನು ಔಷಧಿ ಕೋಣೆಗೆ ಹೋಗಿ ಅತ್ತೆ.

ಓಸ್ಲೌಗ್‌ಗೆ ಕೊಟ್ಟ ಮಾತು ಮುಗಿಯಿತು. ಇನ್ನು ಗುರುವಾರ ಬಿಡಬಹುದು. ಆದರೆ ನಾಳಿದ್ದು ಗುರುವಾರ ಬಾಗಿಲಲ್ಲಿ ಹಾಲ್ವರ್ ಕಾಯುತ್ತಿರುತ್ತಾರಲ್ಲ, ಸ್ಟೈನಾರ್, ಅದಕ್ಕೇನು ಮಾಡಲಿ?

ಅಲ್ಲಿ ಹಿಮ ಇನ್ನೂ ಕರಗಿಲ್ಲವಂತೆ, ಎದೆ ಬೆಚ್ಚಗಿಟ್ಟುಕೋ. ಅಕ್ಕನಿಗೆ ನನ್ನ ನೆನಪು ತಿಳಿಸು. ಎಲ್ಲಿದ್ದರೂ ಸುಖವಾಗಿರು.

ನಿನ್ನ
ಸಿನ್ನೋವ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಶವದ ಗಾಡಿ ಹೊರಟು ಬಾವುಟವನ್ನು ಮತ್ತೆ ಮೇಲಕ್ಕೇರಿಸಿದ ಮೇಲೆ ಹಾಲ್ವರ್ ಜೊತೆ ಕಾಫಿಗೆ ಕೂತೆ. ಕಂದು ಚೀಸ್ ಹಚ್ಚಿದ ವಾಫಲ್ ತಿನ್ನುತ್ತಾ ಅವರೆಂದರು: "ಪುಣ್ಯವಂತೆ ಆಯಮ್ಮ, ಅಂಥ ಗಂಡ ಸಿಕ್ಕ. ನಾನು ಮದುವೇನೇ ಆಗ್ಲಿಲ್ಲ ನೋಡು. ಇದರ ಮೇಲೆ ಅದು, ಅದರ ಮೇಲೆ ಇನ್ನೊಂದು ಅಂತ ಕೆಲ್ಸ ಹಚ್ಕೊಂಡೆ. ಪುರುಸೊತ್ತೇ ಆಗ್ಲಿಲ್ಲ. ನಿಂಗೆ ಮದುವೆ ಆಗಿದ್ಯಾ?"

ಆಗಿದೆ ಎಂದೆ. ಅದು ಈಗಲೂ ನಿಜವೇ? ನೀನೇ ಬರೆದು ತಿಳಿಸು.