ಗುರುವಿನ ಪದದೊಳಗೆ ಮೊಣಕಾಲಿನ ಎಣ್ಣೆ

ವೀಡಿಯೊ ಜಾಲತಾಣದ ಕುಂದುಕೊರತೆ ನಿವಾರಣಾ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಜಾಲತಾಣದ ಒಂದು ಜಾಹೀರಾತು ನನ್ನ ಗುರುಗಳ ಪದದೊಳಗೆ ಹೊಕ್ಕು ಕೂತಿದೆ. ಹೊರಗೆ ಹಾಕಲು ನನ್ನಿಂದ ಆಗುತ್ತಿಲ್ಲ. ಅದು ಒಳಗೆ ಬಾರದಂತೆ ತಡೆಯುವ ಒಂದು ಸಾಧನ ನನ್ನ ಬಳಿ ಇತ್ತು, ಅದನ್ನು ನೀವು ಕಿತ್ತುಕೊಂಡಿರಿ. ದೂರು ಇಷ್ಟೇ. ಇದನ್ನೇ ಮೂರು ಸಲ ನಿಮಗೆ ಬರೆದೆ. ಮೂರು ಸಲವೂ ಒಂದು ನಿಮಿಷದೊಳಗೆ ಇಂಗ್ಲಿಷಿನಲ್ಲಿ ಒಂದೇ ಉತ್ತರ ಬಂತು: ನಿಮ್ಮ ಅನಿಸಿಕೆ ನಮಗೆ ಅಮೂಲ್ಯ, ಪರಿಹಾರಕ್ಕಾಗಿ ಈ ವೀಡಿಯೊ ನೋಡಿ. ಆ ವೀಡಿಯೊದ ಮುಂದೆ ಎರಡು ಜಾಹೀರಾತುಗಳಿದ್ದವು. ಇಷ್ಟು ಲಗುಬಗೆಯಿಂದ ಉತ್ತರಿಸುವವರು ಪತ್ರವನ್ನು ಓದಿರಲಿಕ್ಕಿಲ್ಲ ಎಂಬ ಅನುಮಾನದಿಂದ ಈಗ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ನಾನು ಅಮೋಗಸಿದ್ದ, ಮಹಾರಾಷ್ಟ್ರದ ಜತ್ತ ತಾಲೂಕಿನ ಬಾಲಗಾಂವದವನು. ಕುರಿ ಕಾಯುವ ಮನೆತನ. ನನಗೆ ಹುಟ್ಟಿನಿಂದ ಕಣ್ಣಿಲ್ಲ. ಅದಕ್ಕಾಗಿ ನಿಮ್ಮ ಮರುಕ ಬೇಡ. ನಲವತ್ತಾರು ವರ್ಷದಲ್ಲಿ ಅದರಿಂದ ನನ್ನ ಯಾವ ಕೆಲಸವೂ ನಿಂತಿಲ್ಲ, ನಿಮ್ಮಲ್ಲಿ ನಿಂತ ಒಂದನ್ನು ಬಿಟ್ಟು. ನಾನು ನಮ್ಮೂರ ಡೊಳ್ಳಿನ ಮೇಳದಲ್ಲಿ ಮುಂದೆ ನಿಂತು ಹಾಡುವವನು. ಡೊಳ್ಳಿನ ಪದವೆಂದರೆ ಏನೆಂದು ನಿಮಗೆ ತಿಳಿದಿರಲಾರದು. ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕುತ್ತದೆ, ಇನ್ನೊಂದು ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರ ಬಾರದ ಮೇಳ ಡೊಳ್ಳು ಕೆಳಗಿಡಬೇಕು. ಇದಕ್ಕೆ ಪುಸ್ತಕವಿಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಅಷ್ಟೇ. ಕಿವಿಯಿಂದ ಕಲಿಯುವವನು ಬೇಕಾದದ್ದು, ಬೇಡವಾದದ್ದು ಎಂದು ಆರಿಸಿಕೊಳ್ಳಲಾರ. ಕೇಳಿದ್ದೆಲ್ಲ ಒಳಗೆ ಹೋಗುತ್ತದೆ. ನಾನು ಹದಿನಾಲ್ಕರ ವಯಸ್ಸಿನಲ್ಲಿ ಕಲಿತ ಒಂದು ಪದದಲ್ಲಿ ಗುರುಗಳು ಎಲ್ಲೋ ಒಮ್ಮೆ ಕೆಮ್ಮಿದ್ದರು. ಆ ಜಾಗ ಬಂದಾಗ ಇವತ್ತಿಗೂ ನನಗೆ ಗಂಟಲು ಕೆರೆಯುತ್ತದೆ.

ಗುರುಗಳೆಂದರೆ ವಳಸಂಗದ ಸೋಮಲಿಂಗ ಮುತ್ಯಾ. ಅವರು ನನಗೆ ಎಲ್ಲ ಪದ ಕಲಿಸಿದರು, ಒಂದನ್ನು ಬಿಟ್ಟು. ಹುತ್ತದೊಳಗಿಂದ ಕುರಿಗಳು ಹೊರಬಂದ ಕಥೆಯ ಪದ, ಮೂವತ್ತಾರು ನುಡಿಯದು. "ಅದು ಅವಸರಕ ಬರೂದಲ್ಲೋ ತಮ್ಮಾ. ಮುಂದಿನ ವರ್ಷ ಹಿಡಿಯೋಣು," ಅನ್ನುತ್ತಿದ್ದರು. ಮುಂದಿನ ವರ್ಷ ಅವರೇ ಇರಲಿಲ್ಲ. ಆದರೆ ಅವರು ಕೊನೆಯ ಸಲ ಆ ಪದ ಹಾಡಿದಾಗ, ಲಗ್ನದ ಶೂಟಿಂಗ್ ಮಾಡುವ ರಾಜಕುಮಾರ ಎಂಬ ಹುಡುಗ ಪೂರ್ತಿ ಎಪ್ಪತ್ತೊಂದು ನಿಮಿಷ ಚಿತ್ರೀಕರಿಸಿ ನಿಮ್ಮ ತಾಣಕ್ಕೆ ಏರಿಸಿದ್ದ. ಜಗತ್ತಿನಲ್ಲಿ ಆ ಪದ ಇರುವುದು ಅಲ್ಲೊಂದೇ ಕಡೆ. ನಮ್ಮ ಗುರು ನಿಮ್ಮ ಮನೆಯೊಳಗಿದ್ದಾರೆ ಸಾಹೇಬರೇ. ಬಾಗಿಲ ಕೀಲಿ ನಿಮ್ಮ ಸೊಂಟದಲ್ಲಿದೆ.

ಈಗ ಬಾಗಿಲಿನ ಕಥೆ ಕೇಳಿ. ಕಣ್ಣಿದ್ದವರಿಗೆ ಜಾಹೀರಾತು ಐದು ಸೆಕೆಂಡಿನ ಕಾಟ, ಮೂಲೆಯಲ್ಲಿ ಸ್ಕಿಪ್ ಎಂಬ ಗುಂಡಿ ಒತ್ತಿದರೆ ಮುಗಿಯಿತು. ನಾನು ಲ್ಯಾಪ್‌ಟಾಪ್ ಬಳಸುವುದು ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶದಿಂದ. ಅದು ಜಾಹೀರಾತಿನ ಕಿರುಚಾಟದ ನಡುವೆ ಒಂದೊಂದೇ ಗುಂಡಿಯನ್ನು ಓದುತ್ತ ಹೋಗುತ್ತದೆ. ಕೆಲವಕ್ಕೆ ಹೆಸರೇ ಇಲ್ಲ. ಬಟನ್, ಬಟನ್, ಬಟನ್ ಎನ್ನುತ್ತದೆ. ಸ್ಕಿಪ್ ಸಿಗುವಷ್ಟರಲ್ಲಿ ಎರಡನೇ ಜಾಹೀರಾತು ಶುರುವಾಗಿ ಗುಂಡಿ ಮತ್ತೆಲ್ಲೋ ಹೋಗಿರುತ್ತದೆ. ಒಂದು ದಿನ ಪುಣೆಯ ಕಡೆಯ ಫ್ಲ್ಯಾಟುಗಳ ವಿಷಯವಾಗಿ ಒಬ್ಬ ಗೃಹಸ್ಥ ಮರಾಠಿಯಲ್ಲಿ ಮೂವತ್ತೆಂಟು ನಿಮಿಷ ಮಾತಾಡಿದ, ನಾನು ಪೂರ್ತಿ ಕೇಳಿದೆ. ಕಿಟಕಿಯಿಂದ ಕಾಣುವ ಗುಡ್ಡದ ನೋಟವನ್ನು ಅವನು ಬಹಳ ಹೊಗಳಿದ. ಜಾಹೀರಾತಿನ ದನಿ ಪದದ ದನಿಗಿಂತ ದೊಡ್ಡದಾದ್ದರಿಂದ ನಮ್ಮ ಅವ್ವ ಹಾಲವ್ವ ಒಳಗಿಂದ, "ಯಾರೋ ಬಂದಾರ ನೋಡಪಾ, ಕುಂದ್ರಿ ಅನ್ನು," ಎಂದು ಕೂಗುತ್ತಿದ್ದಳು. ಕೂಡಿಸುವ ಮಾತೆಲ್ಲಿ ಬಂತು, ಅವರು ಏಳುತ್ತಲೇ ಇರಲಿಲ್ಲ.

ಜತ್ತದ ಕಾಲೇಜಿನಲ್ಲಿ ಓದುವ ಅಣ್ಣನ ಮಗಳು ಪ್ರಾಜಕ್ತಾ ನನ್ನ ಪಾಡು ನೋಡಲಾರದೆ ಬ್ರೌಸರಿಗೆ ಒಂದು ಆಡ್ ಬ್ಲಾಕರ್ ಜೋಡಿಸಿಕೊಟ್ಟಳು. ನೀವು ಅದನ್ನು ಕಳ್ಳರ ಉಪಕರಣ ಎನ್ನುತ್ತೀರೆಂದು ಬಲ್ಲೆ. ನನಗೆ ಅದು ಮನೆಯ ಹೊಸ್ತಿಲು ತೋರಿಸುವ ಕೋಲಾಗಿತ್ತು. ಒತ್ತಿದ ಕೂಡಲೇ ಸೋಮಲಿಂಗ ಮುತ್ಯಾ ಹಾಡುತ್ತಿದ್ದರು. ಬೆಳಗಿನ ಹೊತ್ತು ಕುರಿ ಮೇಯಲು ಹೋದ ಮೇಲೆ ಅಂಗಳ ಖಾಲಿಯಾಗುತ್ತದೆ, ಆಗ ಕೂತು ಕೇಳುತ್ತಿದ್ದೆ. ಹಾಗೆ ಹತ್ತೊಂಬತ್ತು ನುಡಿ ಕಲಿತೆ, ಗುರುಗಳು ಎದುರಿಗೆ ಕೂಡಿಸಿಕೊಂಡು ಕಲಿಸಿದಂತೆಯೇ.

ಒಂದು ದಿನ ಎಲ್ಲ ಮೌನವಾಯಿತು. ನೆಟ್ ಹೋಗಿದೆ ಎಂದುಕೊಂಡೆ. ಲ್ಯಾಪ್‌ಟಾಪ್ ಹೊತ್ತುಕೊಂಡು ಮಾಳಿಗೆ ಹತ್ತಿದೆ, ಇಳಿದೆ. ಇಂಟರ್‌ನೆಟ್ಟಿನವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಮೂರನೇ ದಿನ, ಶನಿವಾರ, ಪ್ರಾಜಕ್ತಾ ಮನೆಗೆ ಬಂದು ನೋಡಿ ಹೇಳಿದಳು: "ಕಾಕಾ, ಇಲ್ಲಿ ಪಾಟಿ ಹಾಕ್ಯಾರ. ಆಡ್ ಬ್ಲಾಕರ್ ನಡೆಯಂಗಿಲ್ಲ, ತಗೀರಿ ಇಲ್ಲಾ ರೊಕ್ಕಾ ಕಟ್ಟ್ರಿ ಅಂತ." ಆ ಪಾಟಿಯನ್ನು, ಅಂದರೆ ಪರದೆಯ ಮೇಲಿನ ಸೂಚನಾ ಫಲಕವನ್ನು, ನನ್ನ ತಂತ್ರಾಂಶ ಓದಿರಲಿಲ್ಲ. ಎಚ್ಚರಿಕೆ ಕೊಟ್ಟಿದ್ದೇವೆ ಎಂದು ನಿಮ್ಮ ದಾಖಲೆಯಲ್ಲಿ ಬರೆದಿರುತ್ತೀರಿ. ಕೊಟ್ಟಿದ್ದು ಯಾರಿಗೆ?

ಬೇರೆ ದಾರಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಎಲ್ಲ ದಾರಿಗೂ ಹೋಗಿ ಬಂದಿದ್ದೇನೆ. ಪ್ರಾಜಕ್ತಾ ಮತ್ತೊಂದು ಸಾಧನ ಜೋಡಿಸಿದಳು. ಹದಿನೈದು ದಿನ ನಡೆಯಿತು, ಆಮೇಲೆ ಬ್ರೌಸರೇ ಅದನ್ನು ತೆಗೆದುಹಾಕಿತು. "ಬ್ರೌಸರೂ ಅವರದ ಐತಿ, ಸೈಟೂ ಅವರದ ಐತಿ ಕಾಕಾ. ಎಲ್ಲಿ ಓಡೋಣು?" ಎಂದಳು. ಸರಿ, ರೊಕ್ಕಾ ಕಟ್ಟೋಣ ಎಂದು ಕೂತೆ. ನಾನು ಮನುಷ್ಯನೆಂದು ಸಾಬೀತು ಮಾಡಲು ಬಸ್ಸಿರುವ ಚಿತ್ರಗಳನ್ನು ಆರಿಸಬೇಕೆಂದು ಪರದೆ ಹೇಳಿತು. ಪ್ರಾಜಕ್ತಾ ಆರಿಸಿ ನನ್ನನ್ನು ಮನುಷ್ಯನನ್ನಾಗಿ ಮಾಡಿದಳು. ಆಮೇಲೆ ನಮ್ಮ ಸಹಕಾರಿ ಬ್ಯಾಂಕಿನ ಕಾರ್ಡು ತಿಂಗಳು ತಿಂಗಳು ತಾನಾಗಿ ಕಡಿತವಾಗುವ ವ್ಯವಹಾರಕ್ಕೆ ಒಪ್ಪಲಿಲ್ಲ. ಒಪ್ಪಿದ್ದರೂ ಕೇಳುವ ಪ್ರಶ್ನೆ ಒಂದಿದೆ. ನಮ್ಮ ಗುರುಗಳ ಪದ ನಾನು ಕೇಳಲು ನಿಮಗೆ ಯಾಕೆ ಕಟ್ಟಬೇಕು? ನಿಮ್ಮವರು ಯಾರಾದರೂ ವಳಸಂಗಕ್ಕೆ ಬಂದು ಡೊಳ್ಳು ಹೊತ್ತಿದ್ದರೇ?

ಕೊನೆಗೆ ರಾಜಕುಮಾರನ ಹತ್ತಿರ ಹೋದೆ. ಆಡ್ ತೆಗೆ ಮಾರಾಯಾ ಎಂದು ಬೇಡಿಕೊಂಡೆ.

"ನಾ ಹಾಕಿಲ್ರಿ ಅಣ್ಣಾರ," ಎಂದ. "ನನ್ನ ಚಾನೆಲ್ ಸಣ್ಣದು, ನನಗ ಅವರು ಒಂದ ಪೈಸಾ ಕೊಡೂದಿಲ್ಲ. ತಾವ ಹಾಕ್ಕೊಂಡಾರ, ತಾವ ತಗೋತಾರ."

"ಅಸಲ ರೆಕಾರ್ಡಿಂಗ್ ಐತೇನು?"

"ಆ ಮೆಮರಿ ಕಾರ್ಡಿನ ಮ್ಯಾಲ ಮೂರು ಲಗ್ನ ತುಂಬೇನ್ರಿ. ತಪ್ಪಾತು ನಂದು."

ವೀಡಿಯೊವನ್ನು ನಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು ನಿಮ್ಮ ನಿಯಮಕ್ಕೆ ವಿರುದ್ಧವಂತೆ. ಆದರೂ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಲ್ಯಾಪ್‌ಟಾಪಿನ ಮುಂದೆ ಮೊಬೈಲ್ ಹಿಡಿದು ಧ್ವನಿ ತುಂಬಿಕೊಳ್ಳಲು ನೋಡಿದೆವು. ಡೊಳ್ಳಿನ ಪೆಟ್ಟಿಗೆ ದನಿ ಒಡೆದುಹೋಯಿತು, ಗುರುಗಳ ಉಸಿರು ಎಲ್ಲಿದೆ ಎಂದು ತಿಳಿಯಲೇ ಇಲ್ಲ. ಹೀಗಾಗಿ ಉಳಿದ ಹದಿನೇಳು ನುಡಿಗಳನ್ನು ನಿಮ್ಮ ಜಾಹೀರಾತುಗಳ ಜೊತೆಗೇ ಕಲಿತೆ.

ಇಲ್ಲಿ ಒಂದು ಸೂಕ್ಷ್ಮವಿದೆ, ದಯವಿಟ್ಟು ಗಮನ ಕೊಡಿ. ಇಪ್ಪತ್ತೆರಡನೇ ನುಡಿಯ ಕೊನೆಗೆ ಹುತ್ತದ ಬಾಯಿ ತೆರೆಯುತ್ತದೆ. ಇಪ್ಪತ್ತಮೂರನೆಯದರ ಮೊದಲ ಸಾಲಿಗೆ ಕುರಿ ಹೊರಗೆ ಬರುತ್ತದೆ. ಸೋಮಲಿಂಗ ಮುತ್ಯಾ ಈ ಎರಡರ ನಡುವೆ ಉಸಿರು ತೆಗೆದುಕೊಳ್ಳುವುದಿಲ್ಲ. ಎಪ್ಪತ್ತರ ಮುದುಕ, ಹೆಗಲ ಮೇಲೆ ಡೊಳ್ಳು, ಒಂದೇ ದಮ್ಮಿನಲ್ಲಿ ದಾಟಿಬಿಡುತ್ತಾರೆ. ಆ ಪದದ ಜೀವ ಇರುವುದೇ ಅಲ್ಲಿ. ಎಲ್ಲಿ ಕೇಳುಗ ಮೈಯೆಲ್ಲ ಕಿವಿಯಾಗುತ್ತಾನೋ ಅಲ್ಲೇ ಚೂರಿ ಹಾಕಬೇಕೆಂದು ನಿಮ್ಮ ಯಂತ್ರಕ್ಕೆ ಯಾರು ಕಲಿಸಿದರೋ ಕಾಣೆ, ಅದು ಪ್ರತಿ ದಿನವೂ ಸರಿಯಾಗಿ ಅಲ್ಲೇ ಪದ ನಿಲ್ಲಿಸಿ, "ಮೊಣಕಾಲು ನೋವೇ? ಚಿಂತೆ ಬಿಡಿ" ಎಂದು ಎಣ್ಣೆಯ ಹಾಡು ಹಾಡಿತು. ಹಿಂದಕ್ಕೆ ಹೋಗಿ ಕೇಳಿದರೆ ಸಾಲು ಸಿಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮರುದಿನ ಬೆಳಿಗ್ಗೆ ಮೊದಲಿನಿಂದ ಹಿಡಿದರೆ ಮತ್ತೆ ಅದೇ ಎಣ್ಣೆ. ನನಗೆ ಎರಡೂ ಸಾಲು ಬಂದವು. ಎರಡನ್ನೂ ಕೂಡಿಸುವ ಉಸಿರು ಬರಲಿಲ್ಲ.

ಕಳೆದ ತಿಂಗಳು ವಳಸಂಗದಲ್ಲಿ ಗುರುಗಳ ಪುಣ್ಯತಿಥಿ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಎರಡು ಮೇಳ ಎದುರಾದವು, ನಮ್ಮದು ಮತ್ತು ಡಫಳಾಪುರದ ಅಕ್ಕವ್ವನದು. ಅಕ್ಕವ್ವ ಕುರಿ ಹುಟ್ಟಿದ ಸವಾಲನ್ನೇ ಹಾಕಿದಳು. ಗುರುಗಳ ಪದ ಅವರ ಶಿಷ್ಯನ ಬಾಯಿಂದ ಬರಲಿ ಎಂದು ಮರ್ಯಾದೆಗೆ ಹಾಕಿದ್ದು. ಹತ್ತೊಂಬತ್ತು ನುಡಿ ಹೊಳೆಯಂತೆ ಹರಿದವು. ಮುಂದೆ ಮೂರು ನುಡಿ ಹೇಗೋ ಹೋದವು. ಹುತ್ತದ ಬಾಯಿ ತೆರೆಯಿತು. ಮುದುಕರು ಕೂತಲ್ಲೇ ಮುಂದಕ್ಕೆ ಸರಿದದ್ದು ನನಗೆ ಕೇಳಿಸಿತು. ನಾನು ದನಿ ಏರಿಸಿ, ಡೊಳ್ಳಿನ ಅದೇ ಧಾಟಿಯಲ್ಲಿ, "ಮೊಣಕಾಲು ನೋವೇ, ಚಿಂತೆ ಬಿಡಿ" ಎಂದು ಹಾಡಿದೆ.

ಹಿಮ್ಮೇಳದವರು ಅಭ್ಯಾಸಬಲದಿಂದ ಅದನ್ನೇ ಎತ್ತಿ ಹಾಡಿದರು. ಆಮೇಲೆ ಡೊಳ್ಳು ನಿಂತಿತು. ಆಮೇಲೆ ಜನ ನಕ್ಕರು. ಎಷ್ಟು ನಕ್ಕರೆಂದರೆ, ಪೆಂಡಾಲಿನ ಹೊರಗೆ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ಏನಾಯಿತೆಂದು ಓಡಿ ಬಂದರು. ಅಕ್ಕವ್ವ, "ಸಿದ್ದಣ್ಣಾ, ಆ ಎಣ್ಣಿ ಎಲ್ಲಿ ಸಿಗತೈತ್ರಿ? ನಮ್ಮವ್ವಗೂ ಬೇಕಾಗೇತಿ," ಎಂದಳು. ನಾನೂ ನಕ್ಕೆ. ನಗುತ್ತಲೇ ಮುಂದಿನ ಸಾಲು ಹುಡುಕಿದೆ. ಇರಲಿಲ್ಲ. ಮೊದಲಿನಿಂದ ಹಿಡಿದು ಬಂದೆ, ಮತ್ತೆ ಅಲ್ಲೇ ಬಂದು ನಿಂತೆ. ಮೂರನೇ ಸಲ ಯಾರೂ ನಗಲಿಲ್ಲ. ಗುರುಗಳ ಊರಲ್ಲಿ, ಗುರುಗಳ ದಿನ, ಗುರುಗಳ ಪದದಲ್ಲೇ ನಾನು ಡೊಳ್ಳು ಕೆಳಗಿಟ್ಟೆ. ನಾಚಿಕೆ ಎಂದರೆ ಸಣ್ಣ ಮಾತು. ಅವತ್ತು ನನ್ನ ಬಾಯಿಯ ಮೇಲೆಯೇ ನನಗೆ ಹೇಸಿಕೆ ಬಂತು.

ಸಂಜೆ ಅಕ್ಕವ್ವ ಬಂದು ಪಕ್ಕದಲ್ಲಿ ಕೂತಳು. "ಇದನ್ನ ನಾ ಗೆದ್ದೀನಿ ಅನ್ನಂಗಿಲ್ರಿ," ಎಂದಳು. "ಸಣ್ಣಾಕಿದ್ದಾಗ ಮುತ್ಯಾನ ಬಾಯಾಗ ಆ ನುಡಿ ಕೇಳೀನಿ. ಅಲ್ಲಿ ಉಸುರ ತಗೊಂಡಿದ್ದಿಲ್ಲ ಅಂವ." ಗೊತ್ತು ಎಂದೆ. ಗೊತ್ತಿದ್ದೂ ಆಗದ ಸಂಕಟವನ್ನು ನಿಮ್ಮ ದೂರು ನಮೂನೆಯ ಯಾವ ಕಾಲಮಿನಲ್ಲಿ ತುಂಬಬೇಕು, ಅಧಿಕಾರಿಗಳೇ?

ಜಾಹೀರಾತಿನಿಂದಲೇ ತಾಣ ನಡೆಯುತ್ತದೆ, ಪುಕ್ಕಟೆ ಕೊಡುವಾಗ ಇಷ್ಟು ಸಹಿಸಬೇಕು ಎಂಬುದು ನಿಮ್ಮ ವಾದ. ಇರಲಿ. ತೋರಿಸಿ, ಯಾರು ಬೇಡವೆಂದರು? ಪದ ಶುರುವಾಗುವ ಮೊದಲು ಹತ್ತು ಹಾಕಿ, ಕೈಕಟ್ಟಿ ಕೇಳುತ್ತೇನೆ. ಮುಗಿದ ಮೇಲೆ ಇಪ್ಪತ್ತು ಹಾಕಿ. ಉಸಿರಿನ ನಡುವೆ ಯಾಕೆ? ಕಣ್ಣಿದ್ದವನಿಗೆ ಐದು ಸೆಕೆಂಡು, ನನಗೆ ಮೂವತ್ತೆಂಟು ನಿಮಿಷ, ಇದು ಯಾವ ಸಮಾನತೆ? ನಿಮ್ಮ ತಾಣ ಬಿಟ್ಟು ಹೋಗು ಎನ್ನುತ್ತೀರಾದರೆ ಹೋಗುತ್ತೇನೆ. ಗುರುಗಳನ್ನು ಕರೆದುಕೊಂಡು ಹೋಗಲು ಬಿಡುತ್ತೀರಾ?

ಇಷ್ಟಕ್ಕೇ ಆಗಿದ್ದರೆ ನನ್ನ ಮಾನದ ವಿಷಯ, ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಈ ಪತ್ರ ಬರೆಯಿಸಿದ್ದು ಹೋದ ರವಿವಾರ ನಡೆದದ್ದು. ಪ್ರಾಜಕ್ತಾ ಆರು ತಿಂಗಳಿಂದ ನನ್ನ ಹತ್ತಿರ ಈ ಪದ ಕಲಿಯುತ್ತಿದ್ದಾಳೆ. ನಮ್ಮ ಮನೆಯಲ್ಲಿ ನನ್ನ ನಂತರ ಹಾಡುವವಳು ಅವಳೇ. ಅವಳು ನಿಮ್ಮ ವೀಡಿಯೊ ಕೇಳಿ ಕಲಿಯುತ್ತಿಲ್ಲ, ನನ್ನ ಬಾಯಿಂದ ಕಲಿಯುತ್ತಿದ್ದಾಳೆ. ಅವತ್ತು ಅಂಗಳದಲ್ಲಿ ಕೂತು ಚಲೋ ದನಿಯಲ್ಲಿ ಹಾಡುತ್ತಿದ್ದಳು. ಹುತ್ತದ ಬಾಯಿ ತೆರೆಯಿತು. ಅವಳು ನಿಂತಳು. ಸಾವಕಾಶ ಉಸಿರು ತುಂಬಿಕೊಂಡು ಆಮೇಲೆ ಮುಂದಿನ ನುಡಿ ಹಿಡಿದಳು.

"ಅಲ್ಲಿ ಯಾಕ ನಿಂದರ್ತಿ?" ಎಂದೆ.

"ಅಲ್ಲಿ ನಿಂದರಬೇಕಲ್ಲ ಕಾಕಾ."

"ಯಾರಂದ್ರು?"

"ನೀನ ನಿಂದರ್ತಿ. ಯಾವಾಗ್ಲೂ ನಿಂದರ್ತಿ."

ಮಾನ್ಯರೇ, ಅವಳಿಗೆ ಎಣ್ಣೆಯ ಹಾಡು ಕೇಳಿಸಿಲ್ಲ. ಅದು ನಿಲ್ಲುವ ಜಾಗ ಮಾತ್ರ ಕೇಳಿಸಿದೆ. ನಾಳೆ ಅವಳು ಯಾರಿಗೆ ಕಲಿಸುತ್ತಾಳೋ ಅವರೂ ಅಲ್ಲಿ ನಿಲ್ಲುತ್ತಾರೆ. ಸೋಮಲಿಂಗ ಮುತ್ಯಾನ ಪದ ಹೀಗೇ ಇತ್ತು ಎಂದು ಆಣೆ ಮಾಡಿ ಹೇಳುತ್ತಾರೆ. ಅದು ಸುಳ್ಳೆಂದು ಹೇಳಲು ಆಗ ನಾನೂ ಇರುವುದಿಲ್ಲ, ಅಕ್ಕವ್ವನೂ ಇರುವುದಿಲ್ಲ.

ಆದ್ದರಿಂದ ಬೇಡಿಕೆ ಒಂದೇ. ನಿಮ್ಮ ನೀತಿ, ನಿಯಮ, ವ್ಯಾಪಾರ ಯಾವುದನ್ನೂ ಬದಲಿಸಬೇಡಿ. ನೀವು ಕಿತ್ತುಕೊಂಡ ಆ ಸಾಧನವನ್ನು ಮತ್ತೆ ಜೋಡಿಸಿಕೊಳ್ಳಲು ಬಿಡಿ, ಇಲ್ಲವೇ ಆ ಒಂದು ವೀಡಿಯೊದ ನಡುವೆ ನಿಮ್ಮ ಕಡೆಯಿಂದಲೇ ಜಾಹೀರಾತು ಬಾರದಂತೆ ಮಾಡಿ. ಎಪ್ಪತ್ತೊಂದು ನಿಮಿಷದ ಪದ. ದಿನಕ್ಕೆ ಒಂದು ಸಲ, ಒಂದು ತಿಂಗಳು ಸಾಕು. ಆ ತಿಂಗಳು ಪ್ರಾಜಕ್ತಾಳನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳುತ್ತೇನೆ. ಗುರು ಎಲ್ಲಿ ಉಸಿರು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಅವಳು ಅವರ ಬಾಯಿಂದಲೇ ಕೇಳಲಿ.

ಇಂತಿ,
ನಿಮ್ಮ ಲೆಕ್ಕದ ಪ್ರಕಾರ ಒಬ್ಬ ವೀಕ್ಷಕ,
ಅಮೋಗಸಿದ್ದ
ಬಾಲಗಾಂವ, ತಾಲೂಕು ಜತ್ತ, ಜಿಲ್ಲಾ ಸಾಂಗಲಿ